ನೆತ್ತಿಗೂ ಎಡಗಿವಿಗೂ ನಡುವೆ

ಬೋಳುತಲೆ ಕಂಡರೆ ನನ್ನ ಕಣ್ಣು ಈಗಲೂ ಸುಮ್ಮನಿರುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಕೆಲಸವನ್ನು ಮಣಿಪಾಲದಲ್ಲಿ ಕಲಿಯುತ್ತಿದ್ದಾಗ ಅಂಟಿದ ಚಟ ಇದು. ಕಾರ್ಕಳದಲ್ಲಿ ಬೆಳಗಿನ ಬಸ್ಸು ಹತ್ತಿದರೆ ಮುಂದಿನ ಸೀಟಿನವರ ತಲೆಯೇ ನನ್ನ ಪಠ್ಯಪುಸ್ತಕ. ಮೂಗಿನ ಬುಡದಿಂದ ಹೊರಟು ನೆತ್ತಿಯ ಮೇಲೆ ಹಾದು ತಲೆಯ ಹಿಂಬದಿಯ ಉಬ್ಬಿನವರೆಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯುತ್ತಿದ್ದೆ. ಆ ಗೆರೆಯಲ್ಲಿ ನೂರಕ್ಕೆ ಹತ್ತರಷ್ಟು ಸಾಗಿ ವಯರು ಅಂಟಿಸುವ ಮೊದಲ ಚುಕ್ಕೆ, ಆಮೇಲೆ ನೂರಕ್ಕೆ ಇಪ್ಪತ್ತರಂತೆ ಉಳಿದವು. ಕಿವಿಯಿಂದ ಕಿವಿಗೂ ಹಾಗೆಯೇ. ಅದಕ್ಕೇ ಈ ಪದ್ಧತಿಗೆ ಹತ್ತು-ಇಪ್ಪತ್ತು ಎಂದು ಹೆಸರು. ತಲೆ ಕುಂಬಳಕಾಯಿಯಷ್ಟಿರಲಿ, ತೆಂಗಿನಕಾಯಿಯಷ್ಟಿರಲಿ, ಒಂದೊಂದು ಚುಕ್ಕೆಯೂ ಮಿದುಳಿನ ಅದದೇ ಭಾಗದ ಮೇಲೆ ಬಂದು ಕೂರುತ್ತದೆ. ಎಡಗಡೆಯವಕ್ಕೆ ಬೆಸಸಂಖ್ಯೆ, ಬಲಗಡೆಯವಕ್ಕೆ ಸಮಸಂಖ್ಯೆ. ಇದನ್ನು ಯೋಚಿಸಿದವರ ತಲೆಯನ್ನು ಒಮ್ಮೆ ಅಳೆದು ನೋಡಬೇಕೆಂದು ನನಗೆ ಬಹಳ ಆಸೆಯಿತ್ತು.

ಮನೆಯಲ್ಲಿ ಅಮ್ಮ ಅಕ್ಕಿ ಆರಿಸಲು ಕುಳಿತರೆ ಸಾಕು, ಹಿಂದಿನಿಂದ ಹೋಗಿ ದರ್ಜಿಯ ಟೇಪು ಹಿಡಿಯುತ್ತಿದ್ದೆ. "ಎಂತ ಮಾರಾಯ್ತಿ, ನನಗೆ ಟೊಪ್ಪಿ ಹೊಲಿಸಲಿಕ್ಕುಂಟಾ?" ಎಂದು ಅಮ್ಮ ಕೇಳುತ್ತಿದ್ದರು. ಆದರೆ ತಲೆಯನ್ನು ಮಾತ್ರ ಅಲ್ಲಾಡಿಸುತ್ತಿರಲಿಲ್ಲ.

ಕಲಿಕೆ ಮುಗಿದು ಉಡುಪಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನನಗೆ ಕೆಲಸವಾಯಿತು. ಅಲ್ಲಿದ್ದದ್ದು ಹಳೆಯ ಯಂತ್ರ. ಕಾಗದ ಸರಿಯುತ್ತಾ ಹೋದಂತೆ ಸಾಲಾಗಿ ನಿಂತ ಶಾಯಿಯ ಪೆನ್ನುಗಳು ಗೆರೆ ಎಳೆಯುತ್ತಿದ್ದವು. ಯಾವ ಪೆನ್ನೂ ಒಂದೇ ಜಾಗದ ಸುದ್ದಿ ಹೇಳುವುದಿಲ್ಲ. ಅಕ್ಕಪಕ್ಕದ ಎರಡು ಜಾಗಗಳ ನಡುವಿನ ವಿದ್ಯುತ್ತಿನ ವ್ಯತ್ಯಾಸವನ್ನು ಬರೆಯುತ್ತದೆ. ಯಾವುದನ್ನು ಯಾವುದಕ್ಕೆ ಜೋಡಿ ಮಾಡುತ್ತೇವೆ ಎನ್ನುವುದರ ಮೇಲೆ ಅದೇ ತಲೆಯ ಚಿತ್ರ ಬೇರೆಯಾಗಿ ಕಾಣುತ್ತದೆ. ಈ ಆಟ ನನಗೆ ಎಷ್ಟು ಹಿಡಿಸಿತ್ತೆಂದರೆ ಊಟದ ಹೊತ್ತಿನಲ್ಲೂ ಹಳೆಯ ಕಾಗದಗಳನ್ನು ಬಿಡಿಸಿಕೊಂಡು ಕೂರುತ್ತಿದ್ದೆ.

ಅಂಥದೊಂದು ದಿನ ಇನ್ನಂಜೆಯಿಂದ ಒಬ್ಬರು ಕೊಂಕಣಿ ಮಾತಾಡುವ ಹೆಂಗಸು ಬಂದರು. ಅರುವತ್ತರ ಹತ್ತಿರದ ವಯಸ್ಸು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನಾನೂ ಬಾಯಮ್ಮ ಎಂದೆ. ಮನೆಯ ಹಿಂದೆ ಮಲ್ಲಿಗೆ ಗಿಡಗಳು. ನಸುಕಿನಲ್ಲಿ ಮೊಗ್ಗು ಕೊಯ್ಯಲು ಹೋಗಿ ಗಿಡದ ಬುಡದಲ್ಲೇ ತಲೆ ತಿರುಗಿ ಬಿದ್ದಿದ್ದರಂತೆ. ಜೊತೆಯಲ್ಲಿ ಕುವೈತಿನಿಂದ ರಜೆಯಲ್ಲಿ ಬಂದಿದ್ದ ಮಗಳು, ಅವಳ ತೊಡೆಯ ಮೇಲೆ ಎಳೆಯ ಗಂಡುಮಗು.

"ಫಿಟ್ಸ್ ಅಂತ ಬಂದರೆ ಮಗುವನ್ನು ಇವರ ಕೈಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ," ಎಂದಳು ಮಗಳು. "ಅಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ನೋಡಿಕೊಳ್ಳಲು ಜನ ಇಲ್ಲ. ನಾನು ಇಲ್ಲೇ ಉಳಿಯಬೇಕಾಗ್ತದೆ. ಟಿಕೆಟ್ ಆಗಿದೆ. ಇವತ್ತೇ ಗೊತ್ತಾಗ್ತದಲ್ವಾ?"

ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ತಾಯಿ ಬಿದ್ದದ್ದಕ್ಕಿಂತ ಟಿಕೆಟ್ಟೇ ದೊಡ್ಡದಾಯಿತೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಾಯಮ್ಮನನ್ನು ಒಳಗೆ ಕರೆದುಕೊಂಡು ಹೋದೆ. ಎಣ್ಣೆ ಹಾಕದೆ ತಲೆ ತೊಳೆದು ಬರಬೇಕೆಂದು ಹೇಳಿದ್ದೆವು, ಚೆನ್ನಾಗಿಯೇ ತೊಳೆದಿದ್ದರು. ಆದರೆ ತುರುಬಿನಲ್ಲಿ ಮಲ್ಲಿಗೆಯಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟೆ. ಅಳತೆ ಮಾಡಿ, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ಕೂದಲು ಬಿಡಿಸಿ, ವಯರಿನ ತುದಿಯಲ್ಲಿರುವ, ಪೇಸ್ಟ್ ತುಂಬಿದ ಪುಟ್ಟ ಲೋಹದ ಬಟ್ಟಲುಗಳನ್ನು ಒಂದೊಂದಾಗಿ ಅಂಟಿಸಿದೆ.

"ಎಂತದ್ದೂ ಇಲ್ಲ ಅಂತ ಬರಬೇಕು ಮಾರಾಯ್ತಿ," ಎಂದು ಅವರು ನನ್ನ ಕೈ ಹಿಡಿದರು. "ಮಗು ನನ್ನ ಹತ್ತಿರ ಉಳಿಯಬೇಕು. ಅದು ಬಂದ ಮೇಲೆ ಮನೆಯಲ್ಲಿ ಒಂದು ಸದ್ದು ಅಂತ ಉಂಟು."

ಮಲಗಿಸಿ ಯಂತ್ರ ಚಾಲೂ ಮಾಡಿದೆ. ಅವರ ಬೆರಳುಗಳು ಹೊದಿಕೆಯ ಅಂಚಿನ ಮೇಲೆ ಒಂದೇ ಸಮನೆ ಆಡುತ್ತಿದ್ದವು. ಬಾಳೆನಾರು ಸುತ್ತಿ ಮೊಗ್ಗು ಸೇರಿಸಿ ಬಿಗಿಯುವ ಅದೇ ಕೆಲಸ. ಎದುರಿಗೆ ಹೂವಿಲ್ಲ ಅಷ್ಟೆ. "ಕೈ ಸುಮ್ಮನಿರಲಿ ಬಾಯಮ್ಮ," ಎಂದು ಸ್ವಲ್ಪ ಗದರಿದೆ. ಬೆರಳು ನಿಂತವು. ನಿಂತ ಕೂಡಲೇ ಕಾಗದದ ಮೇಲೆ ಹೊಸದೊಂದು ಎದ್ದಿತು.

ಸಾಲುಸಾಲಾಗಿ ಚೂಪು ಕಮಾನುಗಳು. ಅಕ್ಕಪಕ್ಕದ ಎರಡು ಪೆನ್ನುಗಳು ಎದುರುಬದುರಾಗಿ ಬಾಗುತ್ತಿದ್ದವು, ಅಂದರೆ ಅಲೆಯ ಮೂಲ ಆ ಎರಡು ಜೋಡಿಗಳಿಗೂ ಸೇರಿದ ಜಾಗದಲ್ಲಿ. ಅದು ಸಿ-ಮೂರು, ನೆತ್ತಿಗೂ ಎಡಗಿವಿಗೂ ನಡುವಿನ ಚುಕ್ಕೆ. ಒಂದೇ ಜಾಗದಿಂದ ಏಳುವ ಚೂಪು ಅಲೆ ಫಿಟ್ಸಿನ ಗುರುತು. ಮಗು ಹೋಯಿತು ಈ ಹೆಂಗಸಿನ ಕೈಯಿಂದ ಅಂದುಕೊಂಡೆ.

ಆದರೆ ಬೆರಳು ನಿಂತಾಗಲೇ ಯಾಕೆ ಬಂತು? ತಲೆಯಲ್ಲಿ ಹುಳ ಹೊಕ್ಕಿತು. ಸಿ-ಮೂರರ ಅಡಿಯಲ್ಲಿರುವುದು ಬಲಗೈಯನ್ನು ಆಡಿಸುವ ಭಾಗ. ಕೆಲವರಲ್ಲಿ ಕೈ ಬಿಡುವಾಗಿದ್ದಾಗ ಅಲ್ಲಿ ಕಮಾನಿನಂಥ ಅಲೆ ಏಳುತ್ತದೆ, ಕೈ ಆಡಿದರೆ ಅಳಿಸಿಹೋಗುತ್ತದೆ ಎಂದು ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. "ಬಲಗೈ ಮುಷ್ಟಿ ಬಿಗಿಯಿರಿ," ಎಂದೆ. ಅಲೆ ಮಾಯ. "ಬಿಡಿ." ಮತ್ತೆ ಬಂತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. "ಬಾಯಮ್ಮ, ಈಗ ಕೈ ಅಲ್ಲಾಡಿಸಬೇಡಿ. ಬರೀ ಮನಸ್ಸಿನಲ್ಲಿ ಹೂ ಕಟ್ಟಿ."

ಅವರು ಕಣ್ಣು ಮುಚ್ಚಿ ಸಣ್ಣಗೆ ನಕ್ಕರು. ಬೆರಳುಗಳು ಹೊದಿಕೆಯ ಮೇಲೆ ಹಾಗೇ ಬಿದ್ದಿದ್ದವು. ಪೆನ್ನುಗಳು ನಿಧಾನವಾಗಿ ತಣ್ಣಗಾದವು, ಕಮಾನುಗಳು ಅಳಿಸಿಹೋದವು. ಎದುರಿಗೆ ಮೊಗ್ಗಿಲ್ಲ, ನಾರಿಲ್ಲ, ಕೈ ಆಡುತ್ತಿಲ್ಲ. ಆದರೂ ಸಿ-ಮೂರರಲ್ಲಿ ಕೆಲಸ ನಡೆದಿತ್ತು. ಎಷ್ಟೋ ಹೊತ್ತು ಆ ಕಾಗದವನ್ನೇ ನೋಡುತ್ತಾ ನಿಂತೆ.

ಡಾಕ್ಟರು ಬಂದು, ನಾನು ಅಂಚಿನಲ್ಲಿ ಬರೆದಿಟ್ಟದ್ದನ್ನೂ ಓದುತ್ತಾ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿ ನೋಡಿದರು. ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. "ಹೂ ಕಟ್ಟುವ ಯೋಚನೆ ಮಾಡಿದರೆ ಈ ಅಲೆ ಹೋಗ್ತದೆ, ನೋಡಿ. ಹೀಗೆ ಹೋಗುವುದು ಕಾಯಿಲೆ ಅಲ್ಲ. ಹೋಗದೆ ನಿಂತಿದ್ದರೆ ನಾವು ಯೋಚನೆ ಮಾಡಬೇಕಿತ್ತು," ಎಂದು ತಾಯಿ ಮಗಳಿಬ್ಬರಿಗೂ ವಿವರಿಸಿದರು. "ಬಿದ್ದದ್ದು ಖಾಲಿ ಹೊಟ್ಟೆಯಲ್ಲಿ ಬಗ್ಗಿ ಎದ್ದದ್ದಕ್ಕೆ. ಬೆವರು ಬಂದು ಕಣ್ಣು ಕತ್ತಲೆಯಾಯಿತು ಅಂತ ಇವರೇ ಹೇಳ್ತಾರಲ್ವಾ? ಇನ್ನು ಏನಾದರೂ ತಿಂದು ಹೂ ಕೊಯ್ಯಲಿಕ್ಕೆ ಹೋಗಲಿ."

"ಒಂದು ಚೂರು ಕೂಡ ಇಲ್ವಾ ಡಾಕ್ಟ್ರೇ?" ಎಂದಳು ಮಗಳು.

"ಇಲ್ಲಮ್ಮ, ಸಂತೋಷಪಡಿ," ಎಂದು ಅವರು ನಕ್ಕು ಹೊರಟರು.

"ನೀವು ಸರಿಯಾಗಿ ಇಟ್ಟಿದ್ದೀರಿ ಅಲ್ವಾ, ಈ ವಯರೆಲ್ಲ?" ಎಂದು ಅವಳು ನನ್ನತ್ತ ತಿರುಗಿದಳು. ನನಗೆ ಮೂಗಿನ ತುದಿಯಲ್ಲೇ ಕೋಪ. "ಟೇಪು ಹಿಡಿದೇ ಇಟ್ಟದ್ದು. ಇನ್ನು ನೀವು ನಿಶ್ಚಿಂತೆಯಿಂದ ವಿಮಾನ ಹತ್ತಬಹುದು," ಎಂದೆ.

ಅವಳು ಸ್ಟೂಲಿನ ಮೇಲೆ ಕುಸಿದು ಕುಳಿತಳು. "ನಿನ್ನೆಯಿಂದ ಬಾಟ್ಲಿ ಹಾಲು ಅಭ್ಯಾಸ ಮಾಡಿಸ್ತಾ ಇದ್ದೇನೆ," ಎಂದು ಮಗುವಿನ ತಲೆ ನೋಡುತ್ತಾ ಹೇಳಿದಳು. "ಕುಡಿಯುವುದೇ ಇಲ್ಲ. ಮುಖ ತಿರುಗಿಸ್ತಾನೆ." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಒದ್ದೆ ಹತ್ತಿ ತೆಗೆದುಕೊಂಡು ಬಟ್ಟಲುಗಳನ್ನು ಬಿಡಿಸತೊಡಗಿದೆ. ಹಣೆಯ ಮೇಲಿನವು ಬಂದವು. ಎಡಗಡೆಗೆ ಕೈ ಹಾಕಿದಾಗ, ಮಗಳನ್ನೇ ನೋಡುತ್ತಿದ್ದ ಬಾಯಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅದನ್ನು ತೆಗೆಯಬೇಡಿ. ಇನ್ನೊಮ್ಮೆ ಮಾಡಿ," ಎಂದರು ಮೆಲ್ಲಗೆ. "ಈ ಸಲ ನಾನು ಹೂ ಕಟ್ಟುವುದಿಲ್ಲ."