ಹೆಚ್ಚಾಗಿ ಉಳಿದ ಸ್ಪ್ರಿಂಗು

ನಮ್ಮ ಮನೆ ಇರುವುದು ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವ ಡಾಂಬರು ರಸ್ತೆ ಬಿಟ್ಟು ಒಳಗೆ, ಹೊಲದಲ್ಲಿ. ರಸ್ತೆಯಿಂದ ಮನೆಯ ತನಕ ಎರೆಮಣ್ಣಿನ ದಾರಿ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಒಂದು ಹದ ಮಳೆ ಬಿದ್ದರೆ ಸಾಕು, ಕಾಲಿಟ್ಟಲ್ಲಿ ಚಪ್ಪಲಿ ಉಳಿದುಬಿಡುತ್ತದೆ. ಹುಟ್ಟಿದಾಗಿನಿಂದ ಆ ಕೆಸರಿನಲ್ಲೇ ಓಡಾಡಿದ ನನಗೆ ಮಳೆಯ ಅಂಜಿಕೆ ಗೊತ್ತಿರಲಿಲ್ಲ. ಅದು ಶುರುವಾದದ್ದು ಅಕ್ಕನ ಕಿಡ್ನಿ ಕೆಟ್ಟ ಮೇಲೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ವಾರಕ್ಕೆ ಎರಡು ಸಲ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಮಳೆಗಾಲಕ್ಕಾದರೂ ಹುಬ್ಬಳ್ಳಿಯಲ್ಲಿ ಒಂದು ಖೋಲಿ ಹಿಡಿದು ಇರೋಣ ಎಂದು ಪ್ರಯತ್ನಿಸಿದ್ದೆವು. ಅಲ್ಲಿ ಕಿಟಕಿ ತೆರೆದರೆ ಎದುರಿನ ಗೋಡೆ ಮಾತ್ರ ಕಾಣುತ್ತದೆ ಎಂದು ಅವಳು ಊಟ ಬಿಟ್ಟಳು. ಕಡೆಗೆ ವಾಪಸು ಕರೆತಂದೆವು.

ಹೋದ ವರ್ಷ ಮಳೆಗಾಲದಲ್ಲಿ ಒಂದು ದಿನ ನಮ್ಮ ಹಳೆಯ ಜೀಪು ದಾರಿ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಂಡಿತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ ಅದು. ಆದರೂ ಹಿಂದಿನ ಎಡಚಕ್ರ ಒಂದೇ ಗಿರಗಿರ ತಿರುಗುತ್ತ ಕೆಸರು ತೂರುತ್ತಿತ್ತು, ಬಲಚಕ್ರ ಕದಲಲಿಲ್ಲ. ಮುಂದೆಯೂ ಹಾಗೆಯೇ. ಕಡೆಗೆ ಆಚೆ ಹೊಲದವರನ್ನು ಕೂಗಿ ಕರೆದು, ಅಕ್ಕನನ್ನು ಕುರ್ಚಿಯಲ್ಲಿ ಕೂಡಿಸಿ, ಇಬ್ಬರು ಹೊತ್ತು ಡಾಂಬರಿಗೆ ಮುಟ್ಟಿಸಿದೆವು. ಅಲ್ಲಿಂದ ಬಾಡಿಗೆ ಗಾಡಿ ಹಿಡಿದು ಆಸ್ಪತ್ರೆ ತಲುಪುವಷ್ಟರಲ್ಲಿ ಅವಳ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತಿತ್ತು. ಮಾತಾಡುವುದಕ್ಕೂ ಆಗದೆ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಆ ಉಸಿರಿನ ಸಪ್ಪಳ ನನ್ನ ಕಿವಿಯಿಂದ ಹೋಗಲೇ ಇಲ್ಲ.

ಈ ವರ್ಷ ಮುಂಗಾರಿಗೆ ಮೊದಲೇ ಏನಾದರೂ ಮಾಡಬೇಕೆಂದು ಕಲಘಟಗಿಯ ಗೆಳೆಯನಿಗೆ ಫೋನು ಮಾಡಿದೆ. ಹರೆಯದಲ್ಲಿ ನಾವಿಬ್ಬರೂ ಒಂದೇ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೈ ಎಣ್ಣೆ ಮಾಡಿಕೊಂಡವರು. ಈಗ ಅವನದು ಅಡವಿ ಅಂಚಿನಲ್ಲಿ ಗದ್ದೆ, ಕಬ್ಬು. ಅವನಲ್ಲೂ ನನ್ನಂಥದೇ ಜೀಪಿತ್ತು. ಅದರ ಹಿಂದಿನ ಚಕ್ರಗಳ ಅಚ್ಚಿನೊಳಗೆ ಲಾಕರ್ ಎಂಬ ಬಿಡಿಭಾಗ ಕೂಡಿಸಿದ್ದ. ಜೀಪು ತೀರಾ ಹಳತಾಗಿ ಮೂಲೆಗೆ ಬಿದ್ದಿತ್ತು, ಲಾಕರ್ ಮಾತ್ರ ಚೆನ್ನಾಗಿತ್ತು. ಬಿಚ್ಚಿ ತಂದು ಕೂಡಿಸಿ ಕೊಡುತ್ತೇನೆ ಎಂದ.

ಅಚ್ಚಿನ ನಡುವಿನ ಗುಂಡನೆಯ ಡಬ್ಬಿಯಲ್ಲಿ ಡಿಫರೆನ್ಶಿಯಲ್ ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ತಿರುಗಬೇಕು, ಒಳಗಿನದು ಕಡಿಮೆ. ಅದಕ್ಕೆ ಅನುವು ಮಾಡಿಕೊಡುವುದು ಅದರೊಳಗಿನ ಚಿಕ್ಕ ಹಲ್ಲುಗಾಲಿಗಳ ಕೆಲಸ. ಕೆಸರಿನಲ್ಲಿ ಅವೇ ಮೋಸ ಮಾಡುತ್ತವೆ. ಹಿಡಿತವಿಲ್ಲದ ಚಕ್ರವನ್ನು ತಿರುಗಿಸಿ, ಹಿಡಿತವಿರುವುದನ್ನು ಸುಮ್ಮನೆ ನಿಲ್ಲಿಸುತ್ತವೆ. ಆ ಗಾಲಿಗಳನ್ನು ತೆಗೆದು ಅವುಗಳ ಜಾಗದಲ್ಲಿ ಲಾಕರ್ ಕೂಡಿಸಿದರೆ, ಎಂಜಿನ್ನಿನ ಬಲ ಬಿದ್ದಾಗ ಎರಡೂ ಚಕ್ರ ಕೂಡಿಯೇ ತಿರುಗುತ್ತವೆ.

ಗೆಳೆಯ ಬೆಳಗಿನ ಬಸ್ಸಿಗೆ ಬಂದ. ಮರುದಿನ ಅಕ್ಕನ ಡಯಾಲಿಸಿಸ್ ಪಾಳಿ ಇತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಇವತ್ತು ಬೇಡ, ನಾಳೆ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಬಿಚ್ಚೋಣವೇ ಎಂದು ನಾನು ಅನುಮಾನಿಸಿದೆ. ಮಳೆ ಹಿಡಿದರೆ ನಾಳೆ ಹೋಗುವುದೇ ಹೇಗೆ ಎಂದು ಅವನು ಕೇಳಿದ. ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ, ಹಿಂಭಾಗ ಎತ್ತಿ, ಕೆಳಗೆ ದಪ್ಪ ತೊಲೆಗಳನ್ನು ಕೊಟ್ಟೆವು.

ಮುಚ್ಚಳ ಬಿಚ್ಚಿದಾಗ ಕಪ್ಪನೆ ಎಣ್ಣೆ ತಗಡಿನ ಬುಟ್ಟಿಗೆ ಇಳಿಯಿತು. ಅದರಲ್ಲಿ ಬೆಳ್ಳಿಯಂತೆ ಹೊಳೆಯುವ ಲೋಹದ ಪುಡಿ. ಇಷ್ಟು ಸವೆದಿದೆಯಲ್ಲ ಎಂದೆ. ವಯಸ್ಸಾದ ಗಾಡಿಗೆ ಇಷ್ಟಾದರೂ ಇರುತ್ತದೆ ಎಂದ ಗೆಳೆಯ. ಹಲ್ಲುಗಾಲಿಗಳನ್ನು ಹಿಡಿದಿದ್ದ ಅಡ್ಡಪಿನ್ನು ಜಪ್ಪಯ್ಯ ಎಂದರೂ ಬರಲಿಲ್ಲ. ಸೀಮೆಎಣ್ಣೆ ಬಿಟ್ಟು ಕಾದು, ಹಿತ್ತಾಳೆಯ ತುಂಡು ಅಡ್ಡ ಹಿಡಿದು ಬಡಿದೆವು. ಅಕ್ಕ ಕಟ್ಟೆಯ ಮೇಲೆ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಪ್ರತಿ ಪೆಟ್ಟಿಗೂ ಅವಳ ಸೂಜಿ ನಿಲ್ಲುತ್ತಿದ್ದುದನ್ನು ನಾನು ಕಂಡೆ.

ಪಿನ್ನು ಬಂದ ಮೇಲೆ ಕೆಲಸ ಹಗುರವಾಯಿತು. ಲಾಕರಿನ ತುಂಡುಗಳಿಗೆ ಗ್ರೀಸು ಸವರಿ ಒಂದೊಂದಾಗಿ ಒಳಗೆ ಕೂಡಿಸಿದೆವು. ಅದರ ಎರಡು ಹೋಳುಗಳ ನಡುವೆ ಬೆರಳಿನ ಉಗುರಿನಷ್ಟು ಸಣ್ಣ ನಾಲ್ಕು ಸ್ಪ್ರಿಂಗುಗಳು. ಅವನ್ನು ಗೆಳೆಯನೇ ಇಕ್ಕಳದಿಂದ ಹಿಡಿದು ಕೂಡಿಸಿದ. ಅಂಚಿಗೆ ಕಾಗದದ ಪ್ಯಾಕಿಂಗ್ ಇಟ್ಟು ಮುಚ್ಚಳ ಮುಚ್ಚಿ ಹೊಸ ಎಣ್ಣೆ ತುಂಬಿದೆವು. ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರೆ ಒಳಗೆ ಹದವಾಗಿ ಟಿಕ್ ಟಿಕ್ ಅಂದಿತು. ಊಟ ಮಾಡಿ ಹೊರಡುವಾಗ ಗೆಳೆಯ ಒಂದು ಮಾತು ಹೇಳಿದ.

"ಕೆಸರಾಗ ಇದು ನಿನ್ನ ಕೈ ಬಿಡಂಗಿಲ್ಲ. ಆದ್ರ ತೊಯ್ದ ಡಾಂಬರ ಮ್ಯಾಲ ತಿರುವಿನ್ಯಾಗ ಎಕ್ಸಲೇಟರ್ ಒತ್ತಬ್ಯಾಡಲೇ. ಹಿಂದಿನ ಬಾಜು ಜಾರತೈತಿ."

ಅವನನ್ನು ಬಸ್ಸಿಗೆ ಕಳಿಸಿ ಬಂದು ಸಾಮಾನು ತೊಳೆಯುತ್ತಿದ್ದೆ. ಬಿಡಿಭಾಗ ತೊಳೆದಿದ್ದ ಸೀಮೆಎಣ್ಣೆಯ ಬಾಣಲೆಯ ತಳದಲ್ಲಿ ಏನೋ ಬೆರಳಿಗೆ ತಾಗಿತು. ತೆಗೆದು ನೋಡಿದರೆ ಒಂದು ಸಣ್ಣ ಸ್ಪ್ರಿಂಗು.

ಒಳಗೆ ಮೂರೇ ಇವೆಯೇ? ಅಥವಾ ಇದು ಹೆಚ್ಚಿನದೇ? ಮೂರರ ಮೇಲೆ ಲಾಕರ್ ಹಿಡಿದೀತೇ? ನಡುದಾರಿಯಲ್ಲಿ ಒಳಗೇ ಸಿಕ್ಕಿ ಒಡೆದರೆ, ಗಾಡಿಯಲ್ಲಿ ಅಕ್ಕ ಇರುತ್ತಾಳೆ. ಗೆಳೆಯನಿಗೆ ಫೋನು ಹಚ್ಚಿದೆ, ಹತ್ತಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಅದೇ. ಮೋಡ ತಲೆಯ ಮೇಲೇ ಬಂದಿತ್ತು.

"ಅವ್ರು ಫೋನ್ ಎತ್ತೂಮಟ ತಡೀರಿ," ಎಂದಳು ಹೆಂಡತಿ. "ಚೊಲೋ ಕುಂತಿದ್ದನ್ನ ಮತ್ತ ಯಾಕ ಬಿಚ್ಚತೀರಿ?"

ಅವಳ ಮಾತು ಸರಿಯಾಗಿಯೇ ಇತ್ತು. ಕುಳಿತೆ, ಎದ್ದೆ, ಜೀಪಿನ ಸುತ್ತ ತಿರುಗಿದೆ. ಕಡೆಗೆ ಅಕ್ಕನ ಎದುರು ಹೋಗಿ ಅಂಗೈಯಲ್ಲಿದ್ದ ಸ್ಪ್ರಿಂಗು ತೋರಿಸಿದೆ. ಅವಳು ಅದನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

"ಬಿಚ್ಚಿ ನೋಡಪಾ," ಎಂದಳು. "ಇಲ್ಲಂದ್ರ ನಾಳೆ ನೀ ಗಾಡಿ ಹೊಡ್ಯಾಂಗಿಲ್ಲ, ಬರೇ ಅಂಜತಿ."

ಬಿಚ್ಚಿದೆ. ಹೊಸ ಎಣ್ಣೆಯನ್ನೆಲ್ಲ ತೊಳೆದ ಕೊಡಕ್ಕೆ ಇಳಿಸಿದೆ. ಮೊಬೈಲಿನ ಬೆಳಕು ಹಿಡಿದು, ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸ್ಪ್ರಿಂಗುಗಳನ್ನು ಹುಡುಕಿದೆ. ಮೊದಲನೆಯದು ಇತ್ತು, ಎರಡನೆಯದು, ಮೂರನೆಯದು. ನಾಲ್ಕನೆಯದು ಕಾಣಲಿಲ್ಲ. ಬೆವರು ಕಣ್ಣಿಗಿಳಿಯಿತು. ಅಂಗಿಯಿಂದ ಒರೆಸಿಕೊಂಡು ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಗ್ರೀಸಿನ ಹಿಂದೆ ಅದೂ ತನ್ನ ಜಾಗದಲ್ಲಿ ಕುಳಿತಿತ್ತು.

ಅಷ್ಟರಲ್ಲಿ ಗೆಳೆಯನ ಫೋನು ಬಂತು. ಬಸ್ಸು ಅವನ ಊರಿನ ಹತ್ತಿರದ ಮಿಶ್ರಿಕೋಟಿ ದಾಟಿತ್ತಂತೆ. ಒಂದು ಸ್ಪ್ರಿಂಗು ಬಲ ಕಳೆದುಕೊಂಡಿತ್ತು, ಕಿಸೆಯಲ್ಲಿದ್ದ ಹೊಸದನ್ನು ಹಾಕಿ ಹಳೆಯದನ್ನು ಬಾಣಲೆಯಲ್ಲಿ ಬಿಟ್ಟೆ, ಹೇಳುವುದು ಮರೆತೆ ಎಂದ. ನಾನು ಏನಾದರೂ ಹೇಳುವ ಮೊದಲೇ ಮೊದಲ ಹನಿ ಜೀಪಿನ ತಗಡಿನ ಮೇಲೆ ಬಿತ್ತು.

ಅಚ್ಚು ಬಾಯಿ ತೆರೆದುಕೊಂಡಿತ್ತು, ಗಾಳಿ ಎದ್ದಿತ್ತು, ಮಣ್ಣು ಮತ್ತು ನೀರು ಒಳಗೆ ಹೋದರೆ ಎಲ್ಲ ಕೆಟ್ಟಂತೆ. ಹೆಂಡತಿ ತಾಡಪತ್ರಿ ಎಳೆದು ತಂದಳು. ಒಂದು ತುದಿ ಅವಳು, ಇನ್ನೊಂದು ತುದಿ ಅಕ್ಕ ಹಿಡಿದು ನಿಂತರು. ಒಳಗೆ ಹೋಗು ಎಂದು ಎಷ್ಟು ಹೇಳಿದರೂ ಅಕ್ಕ ಕದಲಲಿಲ್ಲ. ಒಣ ಅರಿವೆಯಿಂದ ಮುಚ್ಚಳದ ಅಂಚು ಒರೆಸಿ, ಬಿಚ್ಚುವಾಗ ಹರಿದ ಪ್ಯಾಕಿಂಗಿನ ಬದಲು ಅಂಟು ಹಚ್ಚಿ, ಬೋಲ್ಟು ಬಿಗಿದೆ. ಅಂಟು ರಾತ್ರಿಯಿಡೀ ಒಣಗಬೇಕು, ಎಣ್ಣೆ ಬೆಳಿಗ್ಗೆಯೇ ಹಾಕಬೇಕು. ಮಳೆ ಮಾತ್ರ ಬೆಳಗಿನ ತನಕ ಬಿಡಲಿಲ್ಲ.

ಬೆಳಿಗ್ಗೆ ಎಣ್ಣೆ ತುಂಬಿ, ಅಕ್ಕನನ್ನು ಮುಂದೆ ಕೂಡಿಸಿಕೊಂಡು ಹೊರಟೆ. ದಾರಿ ಪೂರಾ ಕರಿ ಹಿಟ್ಟಾಗಿತ್ತು. ತಗ್ಗು ಹತ್ತಿರ ಬಂದ ಹಾಗೆ ಗೇರು ಇಳಿಸಿದೆ. ಜೀಪು ಇಳಿಯಿತು. ಎಡಕ್ಕೆ ವಾಲಿತು. ಎಡಚಕ್ರ ಜಾರಿದ್ದು ನನ್ನ ಬೆನ್ನಿಗೇ ತಿಳಿಯಿತು. ಆಗ ಹಿಂದಿನಿಂದ ಢಣ್ ಎಂದು ಸಪ್ಪಳ ಬಂತು. ಮುರಿಯಿತು ಎಂದುಕೊಂಡು ಕಾಲು ಎತ್ತುವುದರಲ್ಲಿದ್ದೆ. ಅಷ್ಟರಲ್ಲಿ ಬಲಚಕ್ರ ನೆಲ ಕಚ್ಚಿತು. ಜೀಪು ಗುರುಗುಡುತ್ತ, ನಿಧಾನವಾಗಿ, ಆಚೆ ದಂಡೆ ಏರಿತು.

ಡಾಂಬರಿಗೆ ಬಂದಾಗ ನನಗೆ ಅಳು ಬರುವಂತಾಗಿತ್ತು. ಆ ಸಮಾಧಾನದಲ್ಲೇ ಗೆಳೆಯನ ಮಾತು ಮರೆತೆ. ಅಣ್ಣಿಗೇರಿಗೆ ಮೊದಲಿನ ತಿರುವಿನಲ್ಲಿ ಎಂದಿನಂತೆ ಕಾಲು ಒತ್ತಿದೆ. ಹಿಂಭಾಗ ಹೊರಕ್ಕೆ ಜಾರಿತು. ಸ್ಟೇರಿಂಗ್ ತಿರುವಿದೆ, ಕಾಲು ಎತ್ತಿದೆ. ಜೀಪು ಅಡ್ಡಡ್ಡ ಹೋಗಿ ಜಾಲಿಕಂಟಿಯ ಪಕ್ಕದ ಗರಸುಮಣ್ಣಿನ ಮೇಲೆ ನಿಂತಿತು. ಎದುರು ಯಾವ ಗಾಡಿಯೂ ಇರಲಿಲ್ಲ, ಅಷ್ಟೇ. ವೈಪರ್ ಅತ್ತಿತ್ತ ಆಡುತ್ತಿತ್ತು.

"ಎಲ್ಲಿಯಾರ ತಾಗೇತೇನ ನಿನಗ?" ಎಂದು ಅಕ್ಕ ಕೇಳಿದಳು. ಕೇಳಬೇಕಾದವನು ನಾನು.

ಇಲ್ಲ ಎಂದೆ.

"ಹಂಗಾರ ಸಾವಕಾಶ ಹೋಗೂಣು. ತಡ ಆದ್ರ ಆಗವಲ್ದ್ಯಾಕ."

ತಡವಾಗಲಿಲ್ಲ. ಅವಳನ್ನು ಒಳಗೆ ಕರೆದೊಯ್ದು ಹಾಸಿಗೆಗೆ ಮುಟ್ಟಿಸಿ, ಸೂಜಿ ಚುಚ್ಚಿ ಯಂತ್ರ ಶುರುವಾದ ಮೇಲೆ ಹೊರಗೆ ಬಂದೆ. ಜನ ನೋಡುತ್ತಿದ್ದರೂ ಜೀಪಿನ ಕೆಳಗೆ ಅಂಗಾತ ಮಲಗಿ ಮುಚ್ಚಳದ ಅಂಚಿನುದ್ದಕ್ಕೂ ಬೆರಳಾಡಿಸಿದೆ. ಬೆರಳು ಒದ್ದೆಯಾಯಿತು. ಮೂಸಿ ನೋಡಿದೆ. ಎಣ್ಣೆಯಲ್ಲ, ಬರೀ ಮಳೆನೀರು.

ಈ ಮಳೆಗಾಲದಲ್ಲಿ ಅಕ್ಕನ ಒಂದು ಪಾಳಿಯೂ ತಪ್ಪಲಿಲ್ಲ. ಕೆಸರು ದಾಟುವಾಗ ಈಗ ನಾನು ಅಷ್ಟು ಅಂಜುವುದಿಲ್ಲ. ಡಾಂಬರು ತೊಯ್ದಿದ್ದರೆ ಮಾತ್ರ ತಿರುವಿಗೆ ಬಹಳ ಮೊದಲೇ ವೇಗ ಇಳಿಸುತ್ತೇನೆ. ಹಿಂದಿನ ಬಸ್ಸಿನವರು ಹಾರ್ನು ಬಾರಿಸುತ್ತಾರೆ. ಮುಂದೆ ಹೋಗಲಿ ಎಂದು ಅಕ್ಕನೇ ಕಿಟಕಿಯಿಂದ ಕೈ ಹೊರಹಾಕಿ ಅವರಿಗೆ ದಾರಿ ತೋರಿಸುತ್ತಾಳೆ.