ಡ್ರಮ್ಮಿನ ಮೇಲಿದ್ದ ಹೆಸರು

ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಜಾಯಮಾನ ನನ್ನದಲ್ಲ. ಎಪ್ಪತ್ತರ ದಶಕದಲ್ಲಿ, ಸೊಲ್ಲಾಪುರದ ನಮ್ಮಪ್ಪನ ಮಗ್ಗದ ಶೆಡ್ಡಿನಲ್ಲಿ, ಮಗ್ಗಗಳಿಗೆ ರಜೆಯಿದ್ದ ದಿನ ನಾವು ನಾಲ್ವರು ಹುಡುಗಿಯರು ರಾಕ್ ಸಂಗೀತದ ಹುಚ್ಚು ಹಿಡಿಸಿಕೊಂಡು ಬ್ಯಾಂಡು ಬಾರಿಸುತ್ತಿದ್ದೆವು. ಡ್ರಮ್ ನನ್ನದು. ಯಾರಾದರೂ ಎರಡು ವಾರ ತಾಲೀಮಿಗೆ ಬರದೆ ‘ಜ್ವರ’ ಎಂದರೆ ನಾನು ನಂಬುತ್ತಿರಲಿಲ್ಲ. ಯಾವನೋ ವರ ಬಂದು ಅವಳನ್ನು ನೋಡಿ ಹೋಗಿರುತ್ತಿದ್ದ. ಹಾಗೆಯೇ ಗಿಟಾರಿನವಳು ಮಂಗಳವೇಢೆಗೆ, ಅವಳ ಜಾಗಕ್ಕೆ ಬಂದವಳು ಪುಣೆಗೆ ಲಗ್ನವಾಗಿ ಹೋಗಿಬಿಟ್ಟರು.

ಹಾಡುವವಳು ಮಾತ್ರ ಮೊದಲಿನಿಂದಲೂ ಇದ್ದಳು. ಬ್ಯಾಂಡಿಗೆ ಹೆಸರಿಟ್ಟದ್ದು ತಾನೇ ಎಂದು ಅವಳು, ನಾನೇ ಎಂದು ನಾನು. ಮಿಂಚಿಗಿರುವ ಹೆಸರುಗಳಲ್ಲೊಂದು, ಹೆಣ್ಣುಮಕ್ಕಳಿಗೂ ಇಡುವಂಥದ್ದು. ಇಲ್ಲಿ ಬರೆಯುವುದಿಲ್ಲ.

ಒಂದು ದಿನ ಅವಳು, “ಅಕ್ಕಲಕೋಟದಾಗ ನನ್ನ ಲಗ್ನ ಠರಾವ ಆಗೇತಿ. ಆ ಹೆಸರು ನನಗ ಬಿಟ್ಟುಕೊಡು,” ಎಂದಳು.

“ಬ್ಯಾಂಡ್ ಬಿಟ್ಟು ಹೊಂಟಾಕಿಗೆ ಹೆಸರ್ಯಾಕ?”

“ಬೇಕಾಗೇತಿ,” ಎಂದಳಷ್ಟೇ. ಕಣ್ಣು ತಪ್ಪಿಸಿದಳು. ಅಲ್ಲಿ ಬೇರೆ ಬ್ಯಾಂಡು ಕಟ್ಟುತ್ತಾಳೆ, ಖಾತ್ರಿ! ಅಂದೇ ಡ್ರಮ್ಮಿನಿಂದ ಹೆಸರು ಬರೆದಿದ್ದ ಚರ್ಮ ಬಿಚ್ಚಿ, ಟ್ರಂಕಿನ ತಳಕ್ಕೆ ಸೇರಿಸಿ ಕೀಲಿ ಹಾಕಿದೆ.

ಲಗ್ನಕ್ಕೆ ಎಸ್‌ಟಿ ಬಸ್ಸು ಹಿಡಿದು ಹೋದದ್ದು ಅಕ್ಷತೆ ಹಾಕಲಿಕ್ಕಲ್ಲ, ಪತ್ತೇದಾರಿಗೆ. ಗಂಡನ ಮನೆಯ ಕೋಣೆ ಕೋಣೆ ಇಣುಕಿದೆ. ಗಿಟಾರಿರಲಿ, ಒಂದು ಬಾಜಾಪೆಟ್ಟಿಗೆಯೂ ಕಾಣಲಿಲ್ಲ. ಮನೆ ತುಂಬಿಸಿಕೊಂಡ ಮೇಲೆ, ರೂಢಿಯಂತೆ ಸೊಸೆಯ ಹೆಸರು ಬದಲಿಸಲು ತಾಟಿನಲ್ಲಿ ಅಕ್ಕಿ ಹರವಿದರು. ಮದುಮಗ ಉಂಗುರದಿಂದ ಅಕ್ಕಿಯಲ್ಲಿ ಬರೆದ. ಬಗ್ಗಿ ಓದಿದೆ: ನಮ್ಮ ಬ್ಯಾಂಡಿನ ಹೆಸರು!

ಸಿಟ್ಟು ನೆತ್ತಿಗೇರಿತು. ಅವಳನ್ನು ಮೂಲೆಗೆ ಎಳೆದು, “ಕಡೀಕೂ ಕದ್ದಿಯಲ್ಲ!” ಎಂದೆ.

“ಹೆಸರು ಹೆಂಗೂ ಬದಲ ಮಾಡವರೇ ಇದ್ರು,” ಎಂದಳು. “ಇದನ್ನರೆ ಇಡ್ರಿ ಅಂತ ಇವರಿಗೆ ಕೈ ಮುಗದೀನಿ.”

“ಮೊದಲ ಯಾಕ ಹೇಳಲಿಲ್ಲ?”

“ಒಪ್ಪತಾರೋ ಇಲ್ಲೋ ಅಂತ ಅಂಜಿದ್ದೆ. ನಿಮ್ಮ ಶೆಡ್ಡಿನಿಂದ ಈ ಮನಿಗೆ ನಾ ಮತ್ತೇನು ತರಾಕ ಬರತಿತ್ತು, ಹೇಳು?”

ಅಷ್ಟರಲ್ಲಿ ಪಂಕ್ತಿಯ ಕಡೆಯಿಂದ ಅತ್ತೆ ಹೊಸ ಹೆಸರು ಹಿಡಿದು ಕೂಗಿದರು. ಸೊಸೆ ತುಪ್ಪ ಬಡಿಸಬೇಕಂತೆ. ಅಲ್ಲಿಯವರೆಗೆ ನಾನು ಆ ಹೆಸರು ಕೇಳಿದ್ದು ನಮ್ಮ ಕಾರ್ಯಕ್ರಮಗಳ ಮೈಕಿನಲ್ಲಿ, ಸೀಟಿ ಚಪ್ಪಾಳೆಗಳ ನಡುವೆ. “ಬಂದೆರಿ,” ಎಂದು ಅವಳು ಸೆರಗು ತಲೆಗೆಳೆದುಕೊಂಡು ಓಡಿದಳು.

ಅವಳ ಮೇಲೆ ಸಂಶಯಪಟ್ಟದ್ದಕ್ಕೆ ನಾಚಿಕೆಯಾಯಿತು, ಅಳುವೂ ಬಂತು. ಪಂಕ್ತಿಯ ಕೊನೆಗೆ ಕೂತು, ಅವಳು ಬಡಿಸಿದ ತುಪ್ಪ ಉಂಡು, ಪತ್ತೇದಾರಿಗೆಂದು ಹೋದವಳು ಹೆಸರನ್ನು ಅಲ್ಲಿಯೇ ಬಿಟ್ಟು ಬಂದೆ.