ಖಾನಾಪುರದ ಮನೆಗೆ ಬಾಡಿಗೆದಾರರು ಬಂದದ್ದು

ಎರಡು ಸಾವಿರದ ಇಸವಿಯ ನನ್ನ ದಿನಚರಿಯಲ್ಲಿ ಫೆಬ್ರವರಿ ಇಪ್ಪತ್ತೊಂದು, ಸೋಮವಾರದ ಪುಟದಲ್ಲಿ ಒಂದೇ ಸಾಲಿದೆ: ಖಾನಾಪುರದ ನಮ್ಮ ಮನೆಯಲ್ಲಿ ಬಾಡಿಗೆದಾರರಿದ್ದಾರಂತೆ.

ಅಂಥವರು ಯಾರೂ ಇರಲಿಲ್ಲ. ಆದರೆ ಪಟ್ಟಣ ಪಂಚಾಯಿತಿಯ ನೋಟೀಸಿನಲ್ಲಿ ಹಾಗೆಂದು ಬರೆದಿತ್ತು. ನಾವು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅಲ್ಲಿಯ ಪಕ್ಕದ ಮನೆಯವರು ಅದನ್ನು ಬೆಳಗಾವಿಗೆ ಹೊರಟಿದ್ದ ಯಾರದೋ ಕೈಯಲ್ಲಿ ಕಳಿಸಿದ್ದರು. ಅವ್ವ ಶಾಲೆಯಿಂದ ಬಂದವಳು ಕೈಕಾಲು ತೊಳೆಯುವ ಮೊದಲೇ ಓದಿ ನನ್ನ ಕೈಗೆ ಕೊಟ್ಟಳು. ಮನೆಯನ್ನು ಬಾಡಿಗೆಗೆ ಕೊಟ್ಟಿರುವುದು ಕಂಡುಬಂದಿದೆ, ಏಪ್ರಿಲಿನಿಂದ ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಹೆಚ್ಚಾಗುತ್ತದೆ, ತಕರಾರಿದ್ದರೆ ತಿಂಗಳೊಳಗೆ ಬಂದು ಹೇಳಿಕೊಳ್ಳಬೇಕು ಎಂದು ಅದರ ಸಾರ. ನಾನು ಆಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಮನೆಯಲ್ಲಿ ಅಂಕಿ ಇರುವ ಕಾಗದಗಳೆಲ್ಲ ನನ್ನ ಕೈಗೇ ಬರುತ್ತಿದ್ದವು. ಹಳೆಯ ರಸೀದಿ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಕಟ್ಟಬೇಕಾದ್ದು ಹೆಚ್ಚುಕಡಿಮೆ ಮೂರರಷ್ಟಾಗಿತ್ತು.

ನಮಗೆ ಎರಡು ಮನೆ. ಬೆಳಗಾವಿಯ ಟಿಳಕವಾಡಿಯದು ಅಪ್ಪನದು. ಅಜ್ಜನ ಮನೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡಾಗ ಪಾಲಿಗೆ ಬಂದ ಎರಡು ಕೋಣೆ, ಒಂದು ಪಡಸಾಲೆ. ಖಾನಾಪುರದ್ದು ಅವ್ವನದು. ಅವಳು ಹುಟ್ಟಿ ಬೆಳೆದದ್ದು ಅದೇ ಓಣಿಯಲ್ಲಿ, ಆದರೆ ಬಾಡಿಗೆ ಮನೆಗಳಲ್ಲಿ. ಮಾಲಕರಿಗೆ ಬೇಕಾದಾಗಲೆಲ್ಲ ಗಂಟು ಕಟ್ಟಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ಹೋದದ್ದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ, ಭವಿಷ್ಯ ನಿಧಿಯ ಮೇಲೆ ಸಾಲ ತೆಗೆದು, ಆ ಓಣಿಯಲ್ಲಿ ಒಂದು ಹೆಂಚಿನ ಮನೆ ಮಾರಾಟಕ್ಕೆ ಬಂದಾಗ ಕೊಂಡಳು. ಸಾಲ ತೀರಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋಗುವುದು, ರವಿವಾರ ಸಂಜೆ ತಿರುಗಿ ಬರುವುದು. ನಿವೃತ್ತಿಯಾದ ಮೇಲೆ ಅಲ್ಲೇ ಇರಬೇಕೆಂಬುದು ಅವಳ ಆಸೆ.

ಅಪ್ಪ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಫಿಟರ್. ಕೆಟ್ಟ ಯಂತ್ರಗಳನ್ನು ಸರಿಮಾಡುವುದು ಅವನ ಕೆಲಸ. ಆ ವರ್ಷ ಆರ್ಡರುಗಳು ಕಡಿಮೆಯಾಗಿ ಓವರ್‌ಟೈಮ್ ನಿಂತಿತ್ತು. ನೋಟೀಸು ಓದಿ ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವ್ವನಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

"ಮೂರ ಮಂದಿಗೆ ಎರಡ ಮನಿ. ಇಲ್ಲೊಂದ ಪಟ್ಟಿ, ಅಲ್ಲೊಂದ ಪಟ್ಟಿ," ಎಂದ. "ಖಾನಾಪುರದ ಮನಿ ಎಜಂಟ ಕೊಳ್ಳೂ ಗಿರಾಕಿ ಅದಾನ ಅಂತ ಎರಡ ಸಲ ಹೇಳಿ ಕಳಸ್ಯಾನ. ಮೊದಲಿನ ಪಟ್ಟೀನ ಭಾರ ಆಗೇತಿ, ಅದಕ್ಕಿಂತ ಕಮ್ಮಿ ಆಗಲಿಲ್ಲಂದ್ರ ಮನಿ ಮಾರಿಬಿಡೂಣು. ಇಲ್ಲಂದ್ರ ನೀನ ಒಂದ ದಾರಿ ಹೇಳು."

"ಆತು," ಎಂದಳು ಅವ್ವ. ಅಷ್ಟೇ. ಆಮೇಲೆ ಮೆಂತೆ ಸೊಪ್ಪು ಬಿಡಿಸುತ್ತ ಕುಳಿತಳು. ಎಲೆಗಳ ಜೊತೆ ಕಡ್ಡಿಗಳೂ ಬುಟ್ಟಿಗೆ ಬೀಳುತ್ತಿದ್ದವು, ಅವಳು ನೋಡಲಿಲ್ಲ.

ಇಪ್ಪತ್ತಾರನೇ ತಾರೀಖು ಶನಿವಾರ ನಾವಿಬ್ಬರೂ ಪಂಚಾಯಿತಿ ಆಫೀಸಿಗೆ ಹೋದೆವು. ಅಲ್ಲಿಯ ಕ್ಲಾರ್ಕ್ ಅವ್ವನನ್ನು ನೋಡಿ ಎದ್ದು ನಿಂತ. ಖಾನಾಪುರದಲ್ಲಿ ಶಿಕ್ಷಕಿಯರಿಗೆ ಆ ಮರ್ಯಾದೆ ಉಂಟು, ಅವರು ಯಾವ ಊರಿನ ಶಾಲೆಯವರಾದರೂ.

"ಕುಂದರ್ರಿ ಬಾಯಾರ. ಏನ ತಕರಾರ?"

"ನಮ್ಮ ಮನಿಯೊಳಗ ಯಾರೂ ಇಲ್ರಿ. ನೀವು ಬಾಡಗಿಯವ್ರು ಅದಾರ ಅಂತ ಬರದೀರಿ."

ಕ್ಲಾರ್ಕ್ ಕಡತ ಬಿಚ್ಚಿದ. "ನಮ್ಮ ವಸೂಲಿಯಂವ ಖುದ್ದ ನೋಡಿ ಬಂದಾನ್ರೀ. ಸಂಜೀಮುಂದ ದಿನಾ ಬಾಗಲದಾಗ ದೀಪ ಇರತೈತಿ. ಅಂಗಳದಾಗ ರಂಗೋಲಿ ಐತಿ. ಹಗ್ಗದ ಮ್ಯಾಲ ಅರಬಿ ಒಣಗತಾವ. ಸಂಡಗಿ ಹಾಕಿರತಾರ. ಇರಾವ್ರು ಇಲ್ಲಂದ್ರ ಇದನ್ನೆಲ್ಲ ದೆವ್ವ ಮಾಡತಾವ ಏನ್ರಿ?"

ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ದೀಪ, ರಂಗೋಲಿ, ಅರಿವೆ, ಸಂಡಿಗೆ ನಾಲ್ಕೂ ಪಕ್ಕದ ಮನೆಯ ಮಾವಶಿಯವು. ಬೀಗ ಹಾಕಿದ ಮನೆಯ ಮುಂದೆ ಹೊತ್ತು ಮುಳುಗಿದ ಮೇಲೆ ಕತ್ತಲೆ ಇರಬಾರದೆಂದು ಆ ಓಣಿಯ ಹೆಂಗಸರು ನಂಬುತ್ತಾರೆ. ಯಾರ ಮನೆಗೆ ಬೀಗ ಬಿದ್ದರೂ ಪಕ್ಕದವರು ಅದರ ಬಾಗಿಲ ಗೂಡಿನಲ್ಲಿ ದೀಪ ಇಡುತ್ತಾರೆ. ತಿರುಗಿ ಅವರು ಊರಿಗೆ ಹೋದಾಗ ಇವರು ಇಡುತ್ತಾರೆ. ನಮ್ಮ ಕೋರಿಕೆಯಿಲ್ಲದೆಯೇ ಮಾವಶಿ ವರ್ಷಗಟ್ಟಲೆ ಅದನ್ನು ಮಾಡುತ್ತ ಬಂದಿದ್ದರು. ನಮ್ಮ ಅಂಗಳಕ್ಕೆ ಬಿಸಿಲು ಹೆಚ್ಚು ಬೀಳುವುದರಿಂದ ಅರಿವೆ, ಸಂಡಿಗೆಗಳೂ ಬಂದಿದ್ದವು.

ಅವ್ವ ಇದನ್ನೆಲ್ಲ ಹೇಳಿದಳು. ಕ್ಲಾರ್ಕ್ ತಲೆ ಕೆರೆದುಕೊಂಡ.

"ಖರೇ ಇರಬಹುದ್ರೀ. ಆದರ ಕಿಡಕ್ಯಾಗಿಂದ ಒಳಗೂ ನೋಡ್ಯಾನ. ಎರಡ ಕಾಟ, ಎರಡ ಸ್ಟೋವು, ಫ್ಯಾನು, ಟಿ.ವಿ. ಇಷ್ಟ ಸಾಮಾನ ಇಟ್ಟಗೊಂಡ ಯಾರೂ ಇರೂದಿಲ್ಲ ಅಂದ್ರ ಸಾಹೇಬ್ರು ಕೇಳೂದಿಲ್ರಿ. ಅವರ ಬಂದ ನೋಡ್ಲಿ. ಮಾರ್ಚ್ ಹದಿನೆಂಟಕ್ಕ ಇಡ್ಲ್ಯಾ?"

ತಾರೀಖು ಬರೆದುಕೊಂಡು ಬಂದೆವು. ದಾರಿಯಲ್ಲಿ ಅವ್ವ ಒಂದೇ ಸಲ ಮಾತಾಡಿದಳು: "ದೀಪದ ಸುದ್ದಿ ನಿನ್ನ ಮಾವಶಿಗೆ ಹೇಳಬ್ಯಾಡ. ತನ್ನಿಂದ ಆತು ಅಂತ ಮನಸ್ಸಿಗೆ ಹಚ್ಚಿಗೋತಾಳ." ಆದರೆ ಓಣಿಗೆ ಕಾಲಿಡುವಷ್ಟರಲ್ಲಿ ಮಾವಶಿಗೆ ಎಲ್ಲ ಗೊತ್ತಾಗಿತ್ತು. ಆಫೀಸಿನ ಜವಾನ ಅವರ ದೂರದ ಸಂಬಂಧಿ.

"ಬರಲಿ ನಿಮ್ಮ ಸಾಹೇಬ," ಎಂದರು ಸೊಂಟದ ಮೇಲೆ ಕೈಯಿಟ್ಟು. "ನಾನ ಹೇಳ್ತೀನಿ ಅವಗ. ದೀಪಕ್ಕೂ ಪಟ್ಟಿ ಹಾಕ್ತಾನೇನು!"

ಹದಿನೆಂಟನೇ ತಾರೀಖು ಅಪ್ಪನೂ ರಜೆ ಹಾಕಿ ಬಂದ. ನಮ್ಮ ತಕರಾರಿಗೆ ಬಲ ಕೊಡಲಿಕ್ಕೆ ಬಂದನೆಂದು ನಾನು ಖುಷಿಪಟ್ಟೆ. ಬಸ್ಸಿನಲ್ಲಿ ಕುಳಿತ ಮೇಲೆ ಗೊತ್ತಾಯಿತು, ಸಂಜೆ ಅಲ್ಲಿಗೇ ಬಾ ಎಂದು ಎಜಂಟನಿಗೂ ಹೇಳಿದ್ದ. ಸಾಹೇಬರು ಏನು ಹೇಳುತ್ತಾರೋ ನೋಡಿಕೊಂಡು ಅವತ್ತೇ ಮಾತು ಮುಗಿಸಿಬಿಡುವುದು ಅವನ ಲೆಕ್ಕ. ಅವ್ವ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಹೊಲಗಳು ದಾಟಿ ಮರಗಳು ಶುರುವಾದರೂ ಅವಳ ಕುತ್ತಿಗೆ ಹೊರಳಲಿಲ್ಲ.

ಸಾಹೇಬರು ಊಟ ಮುಗಿಸಿ ಬಂದರು. ದಪ್ಪ ಕನ್ನಡಕ, ಮೆತ್ತಗಿನ ಮಾತು. ಹಿಂದೆ ಅದೇ ಕ್ಲಾರ್ಕ್. ಬೇಲಿಯ ಆಚೆ ಮಾವಶಿ ಆಗಲೇ ನಿಂತಿದ್ದರು. ಅವ್ವ ಬೀಗ ತೆಗೆದಳು.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಟಿಳಕವಾಡಿಯಲ್ಲಿ ಯಾವ ವಸ್ತು ಕೆಟ್ಟರೂ ನಾವು ಎಸೆಯುತ್ತಿರಲಿಲ್ಲ. "ಖಾನಾಪುರದಾಗ ಇರಲಿ" ಎನ್ನುತ್ತಿದ್ದೆವು. ಅಪ್ಪ ಯಾವಾಗಲಾದರೂ ಸರಿಮಾಡುತ್ತಾನೆ ಎಂದು ಇಟ್ಟದ್ದು, ಹೊಸದು ಬಂದ ಮೇಲೆ ಬಸ್ಸಿನ ಟಾಪು ಹತ್ತುತ್ತಿತ್ತು. ಹೀಗೆ ಖಾನಾಪುರದ ಮನೆ ಹೊರಗಿನಿಂದ ನೋಡಿದವರಿಗೆ ತುಂಬಿದ ಸಂಸಾರದಂತೆ ಕಾಣುತ್ತಿತ್ತು.

ಸಾಹೇಬರು ಮಂಚದ ಮೇಲೆ ಕೈಯಿಟ್ಟರು. ಕಾಟು ಒಂದು ಕಡೆ ಬಾಗಿತು. ಅದರ ಒಂದು ಕಾಲಿನ ಬದಲು ಇಟ್ಟಿಗೆ ಇತ್ತು. ಎರಡನೆಯದಕ್ಕೆ ಹೆಣಿಗೆಯ ನವಾರವೇ ಇರಲಿಲ್ಲ, ಬರೀ ಚೌಕಟ್ಟು.

"ಫ್ಯಾನ್ ಹಚ್ಚಿರಿ ಸ್ವಲ್ಪ, ಶಕಿ ಭಾಳ ಐತಿ," ಎಂದರು.

ನಾನು ಗುಂಡಿ ಒತ್ತಿದೆ. ಟೇಬಲ್ ಫ್ಯಾನು ಗುರ್ ಎಂದಿತೇ ಹೊರತು ತಿರುಗಲಿಲ್ಲ.

ಕ್ಲಾರ್ಕ್ ಸ್ಟೋವು ಎತ್ತಿ ನೋಡಿದ. ಬರ್ನರ್ ಇರಲಿಲ್ಲ. ಎರಡನೆಯದನ್ನು ಎತ್ತಿದ, ತಳ ಅಲ್ಲೇ ಉಳಿಯಿತು. ಕೊನೆಗೆ ಟಿ.ವಿ.ಯ ಹತ್ತಿರ ಹೋದ. ಅದು ಕಟ್ಟಿಗೆಯ ಪೆಟ್ಟಿಗೆಯ, ಜಾರುವ ಬಾಗಿಲಿನ ಹಳೆಯ ಟಿ.ವಿ. ಬಾಗಿಲು ಸರಿಸಿದರೆ ಒಳಗೆ ಏನೂ ಇಲ್ಲ. ಪೆಟ್ಟಿಗೆ ಚೆಂದ ಇದೆಯೆಂದು ಅವ್ವ ಉಳಿಸಿಕೊಂಡಿದ್ದಳು. ಒಳಗಿನ ಮೂಲೆಯಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು.

"ಇವರ ನೋಡ್ರಿ ನಮ್ಮ ಬಾಡಗಿಯವ್ರು," ಎಂದಳು ಅವ್ವ.

ಸಾಹೇಬರು ನಗಲಿಕ್ಕೆ ಶುರುಮಾಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಏನ್ರಿ ಇದು, ಒಂದೂ ನಡೆಯೂ ಸಾಮಾನಿಲ್ಲಲ್ಲ! ಇಲ್ಲಿ ಬಾಡಗಿ ಇರಾವ ಚಹಾ ಸುದ್ದಾ ಕಾಸಿಗೊಳ್ಳಾಕ ಆಗೂದಿಲ್ಲ. ನೀವು ಶನಿವಾರ ಬಂದ್ರ ಏನ್ ಮಾಡ್ತೀರಿ?"

"ನಮ್ಮ ಮನ್ಯಾಗ ಉಣ್ತಾರ್ರೀ," ಎಂದರು ಮಾವಶಿ ಬೇಲಿಯ ಆಚೆಯಿಂದ. "ದೀಪ ನಂದು, ರಂಗೋಲಿ ನಂದು, ಸಂಡಗಿನೂ ನಂದ. ಬರಕೋರಿ! ಆ ಭಾವೂಜಿ ನೋಡ್ರಿ, ಕಂಪನಿ ಮಶೀನೆಲ್ಲ ರಿಪೇರಿ ಮಾಡ್ತಾರಂತ. ಮನಿ ಸಾಮಾನ ಮಾತ್ರ ಖಾನಾಪುರಕ್ಕ ಹಾಕಿ ಕೈ ತೊಳಕೋತಾರ!"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದ.

ಸಾಹೇಬರು ಕಟ್ಟೆಯ ಮೇಲೆ ಕುಳಿತು ಬರೆಯಲಿಕ್ಕೆ ಪೆನ್ನು ತೆಗೆದರು. ಬಾಡಿಗೆಯ ಮಾತು ಹೊಡೆದುಹಾಕುತ್ತೇನೆ ಎಂದು ಹೇಳಿದವರು, ಅವ್ವನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು.

"ಬಾಯಾರ, ಒಂದ ಹೇಳ್ಲ್ಯಾ? ಖಾಲಿ ಮನಿ ಅಂತ ಬರದ್ರ ಪಟ್ಟಿ ಮೊದಲಿಗಿಂತಾನೂ ಕಮ್ಮಿ ಆಗತೈತಿ. ಯಾರೂ ಇರೂದಿಲ್ಲ, ಉಪಯೋಗ ಇಲ್ಲ ಅಂತ ಒಂದ ಅರ್ಜಿ ಕೊಡ್ರಿ. ಆ ದೀಪಾ ಗೀಪಾ ಬಂದ್ ಮಾಡ್ರಿ. ಆತು."

ಅಪ್ಪ ತಲೆ ಎತ್ತಿದ. ಅವನು ಕೇಳಿದ್ದು ಇದನ್ನೇ: ಪಟ್ಟಿ ಕಡಿಮೆಯಾಗುವ ದಾರಿ. ಅವ್ವ ಹೂಂ ಎಂದಿದ್ದರೆ ಸಂಜೆ ಎಜಂಟನನ್ನು ಬಾಗಿಲಿನಿಂದಲೇ ಕಳಿಸಬಹುದಿತ್ತು. ನಾನು ಅವಳ ಸೆರಗು ಜಗ್ಗಬೇಕೆಂದುಕೊಂಡೆ.

"ಖಾಲಿ ಅಲ್ರಿ ಇದು," ಎಂದಳು ಅವ್ವ. "ನಾವು ಬರ್ತೀವಿ. ಇಲ್ಲೇ ಮಲಗತೀವಿ. ಸ್ವಂತ ವಾಸ ಅಂತ ಬರೀರಿ."

"ಹಂಗ ಬರದ್ರ ಮೊದಲಿನಷ್ಟ ಕಟ್ಟಬೇಕಾಗತೈತ್ರಿ."

"ಕಟ್ತೀನ್ರಿ. ಇಲ್ಲಿ ಯಾರೂ ಇಲ್ಲ ಅಂತ ನನ್ನ ಕೈಲೆ ಬರದ ಕೊಡಾಕ ಆಗೂದಿಲ್ಲ."

ಅವಳ ದನಿ ಏರಲಿಲ್ಲ. ಆದರೆ ಹಾಗೆ ಹೇಳುವಾಗ ಅವಳು ಅಪ್ಪನ ಕಡೆ ನೋಡಲಿಲ್ಲ. ತಾನು ಕೈಯಾರೆ ಏನು ಬಿಟ್ಟುಕೊಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಸಾಹೇಬರು ಆಕೆ ಹೇಳಿದಂತೆಯೇ ಬರೆದು, ಸಹಿ ಮಾಡಿಸಿಕೊಂಡು ಹೋದರು.

ಎಜಂಟ ಬರಲಿಕ್ಕೆ ಇನ್ನೂ ಹೊತ್ತಿತ್ತು. ಅವ್ವ ಹಿತ್ತಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕಿದಳು. ಅಪ್ಪ ಪಡಸಾಲೆಯಲ್ಲಿ ಒಬ್ಬನೇ ಕುಳಿತಿದ್ದ. ಆಮೇಲೆ ಬೇಲಿಯ ಹತ್ತಿರ ಹೋಗಿ, "ಒಂದ ಸ್ಕ್ರೂಡ್ರೈವರ್ ಐತೇನ್ರಿ?" ಎಂದು ಕೇಳಿದ. ಮಾವಶಿ ಸ್ಕ್ರೂಡ್ರೈವರಿನ ಜೊತೆ ಹೊಲಿಗೆ ಯಂತ್ರದ ಎಣ್ಣೆಯನ್ನೂ ಕೊಟ್ಟರು. ಅಪ್ಪ ನೆಲದ ಮೇಲೆ ಹಳೆಯ ಪೇಪರ್ ಹಾಸಿ ಫ್ಯಾನು ಬಿಚ್ಚಿದ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವುದು ಅವನ ಪದ್ಧತಿ. ನನಗೆ ಬಂದ ಅಚ್ಚುಕಟ್ಟು ಎಲ್ಲ ಅಲ್ಲಿಂದಲೇ ಬಂದದ್ದು.

"ಇದು ನನ್ನ ಮೊದಲನೇ ಪಗಾರದಾಗ ತಗೊಂಡದ್ದು," ಎಂದ, ನನಗೋ ಫ್ಯಾನಿಗೋ ತಿಳಿಯಲಿಲ್ಲ. "ಎಣ್ಣಿ ಇಲ್ಲದ ಬುಶ್ ಒಣಗೇತಿ ಅಷ್ಟ. ಹತ್ತ ಮಿನಿಟಿನ ಕೆಲಸ. ಇಷ್ಟ ವರ್ಷ ಹಿಂಗ ಬಿದ್ದಿತ್ತು."

ಎಜಂಟ ಬಂದಾಗ ಫ್ಯಾನು ತಿರುಗುತ್ತಿತ್ತು. ಅವನು ಒಳಗೆ ಕಾಲಿಟ್ಟು ಸೂರು, ಗೋಡೆ ನೋಡುತ್ತ, "ಗಿರಾಕಿ ಒಪ್ಪ್ಯಾರ್ರೀ. ಆದರ ಮನಿ ಖಾಲಿ ಮಾಡಿ ಕೊಡಬೇಕಂತ," ಎಂದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲೇ ನಿಂತಿದ್ದಳು.

ಅಪ್ಪ ಫ್ಯಾನನ್ನು ಅವನ ಕಡೆ ತಿರುಗಿಸಿದ. "ಕುಂದರ್ರಿ, ಗಾಳಿ ತಗೋರಿ. ನಿಮಗ ಸುಮ್ಮನ ಅಡ್ಡಾಡಿಸಿದೆ, ತಪ್ಪ ತಿಳಕೋಬ್ಯಾಡ್ರಿ. ಈ ಮನಿ ಕೊಡೂದಿಲ್ಲ."

"ಯಾಕ್ರಿ? ಮನ್ನೆ ಖಾಲೀನ ಐತಿ ಅಂದ್ರಿ?"

"ಖಾಲಿ ಇಲ್ಲ," ಎಂದ ಅಪ್ಪ. "ಈಗ ಸಾಹೇಬ್ರ ಬಂದ ಬರಕೊಂಡ ಹೋದ್ರಲ್ಲ. ಮಾಲಕರ ಇರತಾರ."

ಎಜಂಟನಿಗೆ ಏನೂ ಅರ್ಥವಾಗಲಿಲ್ಲ. ಮಾವಶಿ ತಂದ ಚಹಾ ಕುಡಿದು, ಗಿರಾಕಿಗೆ ಇನ್ನೊಂದು ಮನೆ ತೋರಿಸುತ್ತೇನೆ ಎಂದು ಹೊರಟುಹೋದ. ಅವ್ವ ಚಹಾದ ಬಟ್ಟಲು ತೊಳೆದು ಬೇಲಿಯ ಮೇಲಿಂದ ಮಾವಶಿಗೆ ಕೊಟ್ಟಳು. ಹೊರಡುವಾಗ ಅವಳು ಕೀಲಿ ತೆಗೆದಳು. ಅಪ್ಪ ಅದನ್ನು ತಾನೇ ತೆಗೆದುಕೊಂಡು ಬೀಗ ಹಾಕಿದ.

ಸಂಜೆಯ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಅಪ್ಪ, ಮುಂದೆ ನೋಡುತ್ತಲೇ, "ಮಳಿಗಾಲದಾಗ ಎಲ್ಲಿ ಸೋರತೈತಿ?" ಎಂದು ಕೇಳಿದ.

"ಅಡಗಿಮನಿ ಮ್ಯಾಲ ಒಂದ ಕಡೆ," ಎಂದಳು ಅವ್ವ. "ಮತ್ತ ಪಡಸಾಲ್ಯಾಗ, ಕಾಟ ಇರೂ ಜಾಗದಾಗ. ನಾ ಪಾತೇಲಿ ಇಡ್ತೀನಿ."

"ಮೇ ತಿಂಗಳದಾಗ ಹೆಂಚ ಇಳಿಸಿ ಹಾಕಸೂಣು. ಒಡದದ್ದು ಎಷ್ಟ ಅದಾವ, ನೋಡೀಯೇನು?"

ಅವ್ವ ಸ್ವಲ್ಪ ಯೋಚಿಸಿದಳು. "ಎಣಿಸಿಲ್ಲ," ಎಂದಳು. "ಮುಂದಿನ ಶನಿವಾರ ಮೂವರೂ ಕೂಡೇ ಎಣಸೂಣು."